ಕೈಗುಣದ ನೀಲಿ ಪುಡಿ

ಮೊದಲಿಗೇ ಕ್ಷಮೆ ಕೇಳಿಬಿಡುತ್ತೇನೆ. ರಸಾಯನಶಾಸ್ತ್ರದ ಪ್ರಯೋಗಶಾಲೆಯೊಂದರ ಪ್ರಕರಣವನ್ನು ಬರೆಯುವಷ್ಟು ಓದು ನನ್ನದಲ್ಲ. ತಿಳಿದವರನ್ನು ಕೇಳಿ, ಬರೆದು, ಹರಿದು, ಮತ್ತೆ ಬರೆದಿದ್ದೇನೆ. ಪುಡಿ, ಆಮ್ಲ, ಲೋಹಗಳ ವಿಷಯದಲ್ಲಿ ಎಲ್ಲಾದರೂ ಎಡವಿದ್ದರೆ ತಪ್ಪು ನನ್ನದು. ಮನುಷ್ಯರ ವಿಷಯದಲ್ಲಿ ಎಡವಿಲ್ಲ ಎಂದುಕೊಂಡಿದ್ದೇನೆ.

ಬುಧವಾರ ಬೆಳಿಗ್ಗೆ ಒಂಬತ್ತೂವರೆಗೆ ಠಾಣೆಗೆ ದೂರು ಬಂತು. ಒಂದಲ್ಲ, ಎರಡು.

ಮೊದಲನೆಯದು ಕಾರಿನಲ್ಲಿ ಬಂತು. ದಪ್ಪ ಕಾಗದ, ಮೇಲೆ ಹಸಿರು ಎಲೆಯ ಮುದ್ರೆ. ಸಂಶೋಧನಾ ಸಂಸ್ಥೆಯ ನಿರ್ದೇಶಕರ ಸಹಿ. ಸಂಸ್ಥೆಯ ಮಾಲಿಯು ಆವರಣದೊಳಗೆ ನಿಷೇಧಿತ ಆಮ್ಲವನ್ನು ಕದ್ದು ತಂದಿಟ್ಟುಕೊಂಡು, ಅತಿಥಿಗಳು ಬಂದಿದ್ದ ದಿನವೇ ಅದನ್ನು ಚೆಲ್ಲಿ, ಸಂಸ್ಥೆಯ ಘನತೆಗೆ ಧಕ್ಕೆ ತಂದಿರುವುದರಿಂದ ಅವನ ಮೇಲೆ ಸೂಕ್ತ ಕ್ರಮ ಜರುಗಿಸಬೇಕು. ಮಾಲಿಯ ಒಂದು ಕಣ್ಣು ಹೋಗಿದೆ ಎಂಬ ಸಂಗತಿ ಕೊನೆಯ ಪ್ಯಾರಾದಲ್ಲಿ, ‘ಪ್ರಸ್ತುತ ಸದರಿಯವರು ಚಿಕಿತ್ಸೆಯಲ್ಲಿದ್ದಾರೆ’ ಎಂಬ ರೂಪದಲ್ಲಿತ್ತು.

ಇನ್‌ಸ್ಪೆಕ್ಟರ್ ಅದನ್ನು ಓದಿ, ಪಕ್ಕದಲ್ಲಿ ನಿಂತಿದ್ದ ಹೆಡ್ ಕಾನ್ಸ್‌ಟೇಬಲ್ಲಿಗೆ ಕೊಟ್ಟರು. ನಿವೃತ್ತಿ ಹತ್ತಿರವಾದ ಆತನನ್ನು ಠಾಣೆಯವರೆಲ್ಲ ಅಜ್ಜ ಎಂದೇ ಕರೆಯುತ್ತಿದ್ದರು.

“ಕಣ್ಣು ಕಳ್ಕೊಂಡೋನ ಮೇಲೇ ಕಂಪ್ಲೇಂಟಾ ಮೇಡಂ? ಬಿದ್ದೋನಿಗೆ ಎರಡು ಒದೆ ಜಾಸ್ತಿ ಅಂತಾರಲ್ಲ, ಹಾಗಾಯ್ತು.”

“ಸ್ವೀಕೃತಿ ಕೊಟ್ಟು ಕಳಿಸಿ ಅಜ್ಜ. ಕಾಗದವಂತೂ ಚೆನ್ನಾಗಿದೆ.”

ಎರಡನೆಯ ದೂರು ನಡೆದುಕೊಂಡು ಬಂತು. ಮಾಲಿಯ ಹೆಂಡತಿ. ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಚೀಲದೊಳಗೆ ಗಂಡನ ಶರ್ಟು. ಎದೆಯ ಭಾಗವೆಲ್ಲ ಜಾಲರಿಯಾಗಿತ್ತು. ಅಂಚಿನಲ್ಲಿ ತಿಳಿ ನೀಲಿಯ ಕಲೆ.

“ಆಸ್ಪತ್ರೇಲಿ ಎಸೀರಿ ಅಂದ್ರು. ಹೊಸ ಶರ್ಟು, ಎಸೆಯೋಕೆ ಮನಸ್ಸು ಬರ್ಲಿಲ್ಲ,” ಎಂದಳು.

“ನಿಮ್ಮ ಯಜಮಾನ್ರು ಆಸಿಡ್ ಇಟ್ಕೊಂಡಿದ್ರಾ ತಾಯಿ?”

“ಅವರಾ? ಇಲಿ ಪಾಷಾಣಾನೂ ಮನೆಗೆ ತರೋಕೆ ಬಿಡೋರಲ್ಲ ಮೇಡಂ. ಲ್ಯಾಬಿಂದ ಬರೋ ನೀರಿನ ಕ್ಯಾನು ಬಗ್ಗಿಸಿದ್ರಂತೆ. ಮುಖಕ್ಕೆ ಸಿಡೀತಂತೆ. ಅಷ್ಟೇ. ಈಗ ಆಫೀಸಿನೋರು ಬಂದು, ತಪ್ಪು ನಿಮ್ದೇ, ಖರ್ಚು ನಾವು ಕೊಡಲ್ಲ ಅಂತಿದಾರೆ. ಇನ್ನೊಂದು ಕಣ್ಣಿಗೆ ಬೇಗ ಆಪರೇಷನ್ ಆಗ್ಬೇಕಂತೆ. ಆಗ್ದಿದ್ರೆ ಅದೂ…” ವಾಕ್ಯ ಮುಗಿಸಲಿಲ್ಲ. ಚೀಲದ ಬಾಯಿ ಬಿಗಿಯಾಗಿ ಹಿಡಿದುಕೊಂಡಳು.

ಆಕೆಯ ಹೇಳಿಕೆಯ ಮೇಲೆ ಎಫ್‌ಐಆರ್ ದಾಖಲಾಯಿತು. ನಿರ್ಲಕ್ಷ್ಯದಿಂದ ತೀವ್ರ ಗಾಯ, ಆರೋಪಿ ಅಪರಿಚಿತ. ಶರ್ಟನ್ನು ಮೊಹರು ಮಾಡಲಾಯಿತು.

ಸಂಸ್ಥೆಯ ಬಾಗಿಲಲ್ಲೇ ಫಲಕವಿತ್ತು: ‘ಇಲ್ಲಿ ಒಂದು ಹನಿ ಆಮ್ಲವೂ ಇಲ್ಲ.’ ಅಕ್ಷರಗಳು ಹಸಿರು. ಒಳಗಿನ ಗೋಡೆ ಹಸಿರು. ನಿರ್ದೇಶಕರ ಕುರ್ಚಿಯ ಬಟ್ಟೆಯೂ ಹಸಿರು. ಶಾಲೆಯಲ್ಲಿ ರಸಾಯನಶಾಸ್ತ್ರದಲ್ಲಿ ಎರಡು ಸಲ ನಪಾಸಾಗಿದ್ದ ಇನ್‌ಸ್ಪೆಕ್ಟರಿಗೆ ಹಳೆಯ ಪರೀಕ್ಷೆಯ ದಿನದ ಅಳುಕು. ನಿರ್ದೇಶಕರು ಅದನ್ನು ಮುಖ ನೋಡಿಯೇ ಹಿಡಿದರು. ಮುಂದಿದ್ದವರ ಅಳುಕನ್ನು ಹಿಡಿಯುವುದರಲ್ಲಿ ಅವರದು ಪಳಗಿದ ಕಣ್ಣು. ಮೊದಲು ತಮ್ಮ ವಿಸಿಟಿಂಗ್ ಕಾರ್ಡು ಕೊಟ್ಟರು. ಅದರ ಕಾಗದವೂ ದಪ್ಪ.

“ನೋಡಿ, ನಿಮ್ಮ ಮಟ್ಟಕ್ಕೆ ಇಳಿದು ಹೇಳ್ತೀನಿ,” ಎಂದರು. “ಔಷಧಿಗೆ ಬೇಕಾದ ಒಂದು ಸಾವಯವ ಸಂಯುಕ್ತ ಇದೆ. ಅದನ್ನ ಮಾಡೋಕೆ ಜಗತ್ತೆಲ್ಲ ಸಲ್ಫ್ಯೂರಿಕ್ ಆಮ್ಲ ಸುರೀತಿತ್ತು. ಆಮೇಲೆ ಆ ಕೊಳೆ ಎಲ್ಲಿಗೆ? ಮೋರಿಗೆ. ನಾವು ಜಿಯೋಲೈಟ್ ತಗೊಂಡ್ವಿ. ಒಂಥರಾ ಕಲ್ಲು, ಒಳಗೆಲ್ಲ ಕಣ್ಣಿಗೆ ಕಾಣದ ಗೂಡುಗಳು. ಗೂಡಲ್ಲಿ ಸೋಡಿಯಂ ಇರತ್ತೆ. ಅದನ್ನ ಹೊರಗೆ ಹಾಕಿ ತಾಮ್ರ ಕೂರಿಸ್ತೀವಿ. ಮನೆ ಅದೇ, ಬಾಡಿಗೆದಾರ ಬೇರೆ. ಆಮ್ಲ ಮಾಡೋ ಕೆಲಸ ಈ ಪುಡಿ ಮಾಡತ್ತೆ. ಸೋಸಿ ತೆಗೆದು ಮತ್ತೆ ಮತ್ತೆ ಬಳಸಬಹುದು. ಉಳಿಯೋದು ಬರೀ ನೀರು. ಅದೇ ನೀರಲ್ಲಿ ನಮ್ಮ ತೋಟ ಬೆಳೀತಿದೆ. ಅರ್ಥ ಆಯ್ತಾ?”

“ಹಳೇ ಬಾಡಿಗೆದಾರನಿಗೆ ಅಡ್ವಾನ್ಸ್ ವಾಪಸ್ ಕೊಡ್ತೀರಾ ಸಾರ್?” ಎಂದ ಅಜ್ಜ.

ನಿರ್ದೇಶಕರು ಗೋಡೆಯ ಮೇಲಿನ ಹಲ್ಲಿಯನ್ನು ನೋಡುವಂತೆ ಅವನನ್ನು ನೋಡಿದರು. “ಆಡಳಿತಾಧಿಕಾರಿ ನಿಮಗೆ ಮಾಲಿಯ ಶೆಡ್ಡು ತೋರಿಸ್ತಾರೆ. ಅಲ್ಲಿ ನಿಮಗೆ ಬೇಕಾದ್ದು ಸಿಗತ್ತೆ.”

ಸಿಕ್ಕಿತು. ಕಟ್ಟಡದ ಹಿಂದೆ ತಗಡಿನ ಶೆಡ್ಡು; ಒಳಗೆ ಪೈಪು, ಕತ್ತರಿ, ಗೊಬ್ಬರದ ಚೀಲ, ಎಲ್ಲದರ ಮೇಲೂ ಬೆರಳದ್ದುವಷ್ಟು ಧೂಳು. ಹಲಗೆಯ ಮೇಲೆ ಪಾಯಿಖಾನೆ ತೊಳೆಯುವ ಆಸಿಡ್ಡಿನ ಬಾಟಲಿ, ಹೊಳೆಯುತ್ತಿತ್ತು. ಅದರ ಮೇಲೆ ಮಾತ್ರ ಧೂಳಿಲ್ಲ.

“ನಾನು ಹೇಳಿರಲಿಲ್ವಾ?” ಎಂದ ಆಡಳಿತಾಧಿಕಾರಿ. ತೆಳ್ಳಗಿನ ಮನುಷ್ಯ, ಯಾವಾಗಲೂ ನಿರ್ದೇಶಕರ ಕೋಣೆಯ ಕಡೆಗೇ ಅರ್ಧ ತಿರುಗಿ ನಿಲ್ಲುತ್ತಿದ್ದ.

“ಹೇಳಿದ್ರಿ. ಹಲಗೆ ಯಾವುದು ಅಂತಾನೂ ಹೇಳಿದ್ರಿ,” ಎಂದರು ಇನ್‌ಸ್ಪೆಕ್ಟರ್. “ಅಜ್ಜ, ಪಂಚನಾಮೆ ಬರೀರಿ. ಧೂಳನ್ನೂ ಬರೀರಿ.”

ಪ್ರಯೋಗಶಾಲೆಯ ಹಿಂಬಾಗಿಲ ಹೊರಗೆ ಆ ಬಿಳಿ ಕ್ಯಾನು ಇನ್ನೂ ಓರೆಯಾಗಿ ಬಿದ್ದಿತ್ತು. ಅದರ ಮೇಲೆ ‘ತೊಳೆದ ನೀರು, ತೋಟಕ್ಕೆ’ ಎಂಬ ಚೀಟಿ. ತಳದಲ್ಲಿ ಬಿಳಿಯ ಕೆಸರು. ಪಕ್ಕದಲ್ಲೇ ಮಾಲಿಯ ಸಣ್ಣ ಸಲಿಕೆ. ಅಜ್ಜ ಅದನ್ನು ಎತ್ತಲು ಬಗ್ಗಿದವನು ಹಾಗೇ ನಿಂತ.

“ಮೇಡಂ, ಇದು ಕಬ್ಬಿಣದ್ದಾ, ತಾಮ್ರದ್ದಾ?”

ಹಿಡಿಯ ಕಡೆಯ ಅರ್ಧ ಕಪ್ಪು ಕಬ್ಬಿಣ, ತುಕ್ಕು ಹಿಡಿದದ್ದು. ಕ್ಯಾನಿನ ನೀರು ಚೆಲ್ಲಿದ್ದ ತುದಿಯ ಅರ್ಧ ಮಾತ್ರ ಆಗಷ್ಟೇ ತಿಕ್ಕಿದ ತಾಮ್ರದ ಪಾತ್ರೆಯ ಹಾಗೆ ಕೆಂಪಗಿತ್ತು. ಏಕೆಂದು ಆಕೆಗೆ ತಿಳಿಯಲಿಲ್ಲ. ಆದರೆ ಬರೀ ನೀರು ಕಬ್ಬಿಣವನ್ನು ತಾಮ್ರ ಮಾಡುವುದಿಲ್ಲ ಎಂದು ತಿಳಿಯಲು ಪಾಸಾಗಬೇಕಾಗಿರಲಿಲ್ಲ. ಕ್ಯಾನು, ಕೆಸರು, ಸಲಿಕೆ ಮೂರನ್ನೂ ಬಾಟಲಿಯ ಜೊತೆಗೇ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಕಳಿಸಲಾಯಿತು.

ಸಂಜೆ ಆಸ್ಪತ್ರೆಯಲ್ಲಿ ಮಾಲಿ ಮಲಗಿದ್ದ. ಎರಡೂ ಕಣ್ಣಿಗೆ ಬಟ್ಟೆ. ಹೆಜ್ಜೆಯ ಸದ್ದಿಗೆ ಏಳಲು ಹೋದ.

“ಮಲ್ಕೊಳ್ಳಿ. ಆ ಕ್ಯಾನಿನ ನೀರು ಎಷ್ಟು ದಿನದಿಂದ ಹಾಕ್ತಿದೀರ?”

“ಎರಡು ವರ್ಷ ಆಯ್ತು ಅಮ್ಮ. ಯಾವತ್ತೂ ಸುಟ್ಟಿರ್ಲಿಲ್ಲ. ಕೆಲವು ದಿನ ಉಪ್ಪುಪ್ಪು ವಾಸನೆ ಹೊಡೀತಿತ್ತು. ಆ ನೀರು ಹಾಕಿದ ಸಾಲು ಮಾತ್ರ ಏಳ್ತಾನೇ ಇರ್ಲಿಲ್ಲ. ಬುಡದಲ್ಲಿ ಬಿಳೀ ಪೊರೆ ಕಟ್ತಿತ್ತು. ಹೋಗಿ ಹೇಳ್ದೆ.”

“ಯಾರಿಗೆ?”

“ದೊಡ್ಡ ಸಾಹೇಬ್ರಿಗೇ. ‘ನೀರು ಸರಿ ಇದೆ, ನಿನ್ನ ಕೈಗುಣ ಸರಿ ಇಲ್ಲ. ಕೈಗುಣ ಅಂದ್ರೆ ಏನು ಅಂತ ಒಳಗೆ ಹೋಗಿ ನಮ್ಮ ಹುಡುಗನ್ನ ನೋಡಿ ಕಲಿ’ ಅಂದ್ರು. ಎಲ್ಲಾ ನಕ್ಕರು. ನಾನೂ ನಕ್ಕೆ.”

ಹೆಂಡತಿ ಅವನ ಹೊದಿಕೆ ಸರಿಪಡಿಸುತ್ತ, “ನಗೋದೇನಿತ್ತು ಅದರಲ್ಲಿ,” ಎಂದಳು, ಅವನಿಗಲ್ಲ.

ಶುಕ್ರವಾರ ಮಧ್ಯಾಹ್ನ ವರದಿ ಬಂತು. ವರದಿ ಓದಿ ಅರ್ಥವಾಗದೆ ಇನ್‌ಸ್ಪೆಕ್ಟರ್ ವಿಧಿವಿಜ್ಞಾನ ತಜ್ಞೆಗೆ ಫೋನು ಮಾಡಿದರು.

“ಶೆಡ್ಡಿನ ಬಾಟಲಿಯಲ್ಲಿರೋದು ಹೈಡ್ರೋಕ್ಲೋರಿಕ್ ಆಮ್ಲ,” ಎಂದಳು ತಜ್ಞೆ. “ಶರ್ಟಿನ ಮೇಲಿರೋದು ಸಲ್ಫ್ಯೂರಿಕ್, ಜೊತೆಗೆ ತಾಮ್ರ. ಆ ತಾಮ್ರವೇ ಸಲಿಕೆಯ ಕಬ್ಬಿಣದ ಮೇಲೆ ಕೂತಿದೆ. ಬಾಟಲಿಗೂ ಶರ್ಟಿಗೂ ಸಂಬಂಧ ಇಲ್ಲ.”

“ಕೆಸರು?”

“ಅದು ಜಿಯೋಲೈಟೇ. ಆದ್ರೆ ಸತ್ತಿದೆ. ತಾಮ್ರ ಕೂರಿಸಿದ ಪುಡಿ ತಿಳಿ ನೀಲಿ ಇರ್ಬೇಕು. ಇದು ಬಿಳೀ.”

“ನೀಲಿ ಬಿಳಿ ಆಗ್ಬೇಕಾದ್ರೆ?”

“ಆಮ್ಲಕ್ಕೆ ಹಾಕ್ಬೇಕು. ತಾಮ್ರ ಹೊರಗೆ ಬರತ್ತೆ, ಗೂಡೂ ಕುಸಿಯತ್ತೆ. ನಿಮ್ಮ ಡೈರೆಕ್ಟರ್ ಹೇಳೋ ಹಾಗೆ ಮಾಡಿದ್ರೆ ನೀಲೀನೇ ಇರತ್ತೆ.”

ಫೋನಿಟ್ಟ ಇನ್‌ಸ್ಪೆಕ್ಟರ್ ವರದಿಯನ್ನು ಅಜ್ಜನ ಕಡೆ ತಳ್ಳಿದರು. ಆಮೇಲೆ, “ಹನಿ ಆಮ್ಲ ಇಲ್ಲದ ಮನೆಯಲ್ಲಿ ಪುಡಿ ಆಮ್ಲ ಕುಡಿದು ಸತ್ತಿದೆ ಅಜ್ಜ,” ಎಂದರು.

“ಪಾಪ. ಅದರ ಮೇಲೂ ಕಂಪ್ಲೇಂಟ್ ಬರಬಹುದು ನೋಡಿ ಮೇಡಂ.”

ಆ ಪ್ರಯೋಗ ಮಾಡುತ್ತಿದ್ದವರು ಇಬ್ಬರೇ. ಮೊದಲನೇ ಮೇಜಿನವನು ನಿರ್ದೇಶಕರ ಹೆಮ್ಮೆಯ ಹಿರಿಯ ಸಂಶೋಧಕ. ಅವನ ಹೆಸರು ಬಹಳ ಜನಕ್ಕೆ ಮರೆತೇ ಹೋಗಿತ್ತು. ಎಲ್ಲರೂ ಕರೆಯುತ್ತಿದ್ದುದು ‘ಕೈಗುಣ’ ಎಂದು. ಅವನು ಮಾಡಿದರೆ ನೂರಕ್ಕೆ ತೊಂಬತ್ತರ ಮೇಲೆ ಇಳುವರಿ. ಎರಡನೇ ಮೇಜಿನವಳು ಕಿರಿಯ ಸಂಶೋಧಕಿ. ಅದೇ ಪುಡಿ, ಅದೇ ನೀರು, ಅದೇ ಒಲೆ. ಅವಳಿಗೆ ಬರುತ್ತಿದ್ದುದು ಐವತ್ತೆಂಟು. ನಿರ್ದೇಶಕರು ಅವಳನ್ನು ಕರೆಯುತ್ತಿದ್ದುದೂ ಹಾಗೇ. “ಐವತ್ತೆಂಟು, ಬಾಗಿಲು ಹಾಕು.” “ಐವತ್ತೆಂಟನ್ನ ಮೀಟಿಂಗಿಗೆ ಕರೀಬೇಡಿ.”

ಅವಳನ್ನು ವಿಚಾರಿಸಿದಾಗ ತಲೆ ತಗ್ಗಿಸಿಯೇ ಉತ್ತರ ಕೊಟ್ಟಳು.

“ಯಾವಾಗಲೂ ಐವತ್ತೆಂಟೇನಾ?”

“ಹೌದು ಮೇಡಂ. ಒಂದು ಹೆಚ್ಚು, ಒಂದು ಕಡಿಮೆ. ಎಷ್ಟು ಸಲ ಮಾಡಿದ್ರೂ.”

“ಅವರಿಗೆ ತೊಂಬತ್ತು ಹೇಗೆ ಬರತ್ತೆ ಅಂತ ಕೇಳ್ಲಿಲ್ವಾ?”

“ಕೇಳಿದೆ. ಕೈಗುಣ ಅಂದ್ರು ನಮ್ಮ ಡೈರೆಕ್ಟರ್ ಸಾರ್. ಕಲಿಯೋಕೆ ಬರಲ್ಲ, ಹುಟ್ಟಿನಿಂದ ಬರ್ಬೇಕು ಅಂದ್ರು.”

ಇನ್‌ಸ್ಪೆಕ್ಟರಿಗೆ ಮೈ ಉರಿಯಿತು. ಒಗ್ಗರಣೆ ಹಾಕುವವರು, ಮುರಿದ ಮೂಳೆ ಕೂರಿಸುವವರು ಕೈಗುಣ ಎಂದರೆ ಸರಿ. ಗ್ರಾಮಿನ ಸಾವಿರದಲ್ಲೊಂದು ಪಾಲು ತೂಗುವ ತಕ್ಕಡಿಯನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟುಕೊಂಡವರು, ಯಾರು ಮಾಡಿದರೂ ಒಂದೇ ಫಲ ಬರಬೇಕು ಎಂದು ಮಕ್ಕಳಿಗೆ ಪಾಠ ಹೇಳುವವರು, ತಮ್ಮ ಮನೆಯ ಲೆಕ್ಕ ತಪ್ಪಿದಾಗ ಕೈಗುಣ ಎನ್ನುತ್ತಿದ್ದರು. ಎರಡು ವರ್ಷ ಒಬ್ಬರಾದರೂ ಅವನ ಮೇಜಿನ ಬಳಿ ನಿಂತು ಕೊನೆಯವರೆಗೆ ನೋಡಿರಲಿಲ್ಲ. ತೊಂಬತ್ತು ಬರುತ್ತಿತ್ತಲ್ಲ, ನೋಡುವುದೇಕೆ? ಐವತ್ತೆಂಟರವಳ ಮೇಜನ್ನು ಮಾತ್ರ ದಿನಾ ಜಾಲಾಡುತ್ತಿದ್ದರು.

ಶನಿವಾರ ಹನ್ನೊಂದು ಗಂಟೆಗೆ ಇಬ್ಬರು ಪಂಚರು, ವಿಧಿವಿಜ್ಞಾನ ತಜ್ಞೆ, ಅಜ್ಜ ಇವರೊಂದಿಗೆ ಇನ್‌ಸ್ಪೆಕ್ಟರ್ ಪ್ರಯೋಗಶಾಲೆಗೆ ಬಂದರು. ಇಬ್ಬರು ಸಂಶೋಧಕರೂ ಅದೇ ಪ್ರಯೋಗವನ್ನು ಎಲ್ಲರ ಎದುರು ಮಾಡಬೇಕು. ಸಾಮಾನು ತಜ್ಞೆ ತೂಗಿ ಕೊಡುತ್ತಾಳೆ.

“ಇದು ತಮಾಷೆ,” ಎಂದರು ಬಾಗಿಲಲ್ಲಿ ನಿಂತ ನಿರ್ದೇಶಕರು. “ಸಂಗೀತಗಾರನ ಕೈಗೆ ಪೊಲೀಸರು ತಂಬೂರಿ ಕೊಟ್ಟ ಹಾಗೆ.”

“ಶ್ರುತಿ ನಾವು ಮಾಡಿಲ್ಲ ಸಾರ್, ನಿಮ್ಮದೇ ತಂಬೂರಿ,” ಎಂದ ಅಜ್ಜ.

ಕಿರಿಯ ಸಂಶೋಧಕಿ ತನ್ನ ಮೇಜಿನಲ್ಲಿ ಕೆಲಸ ಶುರುಮಾಡಿದಳು. ಕೈಗುಣ ತೋಳು ಮಡಚಿ, ಗಾಜಿನ ಪಾತ್ರೆ ಜೋಡಿಸಿ, ನೀಲಿ ಪುಡಿ ಹಾಕಿ, ನಿಂತ. ಮೂವತ್ತೈದರ ಪ್ರಾಯ, ಇಸ್ತ್ರಿ ಮಾಡಿದ ಬಿಳಿ ಕೋಟು, ಮೇಲ್ದುಟಿಯ ಮೇಲೆ ಬೆವರು.

“ಏನಪ್ಪ, ನಿಂತುಬಿಟ್ಟೆ?” ಎಂದರು ಇನ್‌ಸ್ಪೆಕ್ಟರ್.

“ನನ್ನ ನೀರಿನ ಬಾಟಲಿ ಬೇಕು. ಕಪಾಟಿನಲ್ಲಿದೆ.”

“ನೀರು ಇಲ್ಲೇ ಇದೆಯಲ್ಲ.”

“ನಂಗೆ ನಂದೇ ಅಭ್ಯಾಸ.”

“ಆ ನೀರಿಗೂ ಈ ನೀರಿಗೂ ಏನು ವ್ಯತ್ಯಾಸ?”

ಬಾಗಿಲಿನಿಂದ ನಿರ್ದೇಶಕರು ಉತ್ತರ ಕೊಟ್ಟರು. “ಕೊಡ್ರೀ ಅದನ್ನ. ಕಲಾವಿದರಿಗೆ ಅಂಥವೆಲ್ಲ ಇರತ್ತೆ.”

ಅಜ್ಜ ಕಪಾಟು ತೆರೆದು ಮೆತ್ತನೆಯ ಪ್ಲಾಸ್ಟಿಕ್ ಬಾಟಲಿ ತಂದ. ಮೇಲೆ ‘ನೀರು’ ಎಂದಿತ್ತು. ಕೈಗೆ ಬಂದ ಕೂಡಲೇ ಹುಬ್ಬೇರಿಸಿದ. “ಇದೇನು ಮೇಡಂ, ನೀರು ಇಷ್ಟು ಭಾರ?”

ತಜ್ಞೆ ಅವನ ಕೈಯಿಂದ ಅದನ್ನು ಮೆಲ್ಲಗೆ ತೆಗೆದುಕೊಂಡು ದೂರ ಹಿಡಿದಳು. ಪರೀಕ್ಷೆಗೆ ಒಂದು ಕಾಗದದ ಚೂರು ಬೇಕೆಂದಳು. ಇನ್‌ಸ್ಪೆಕ್ಟರ್ ಜೇಬಿನಲ್ಲಿದ್ದುದು ಒಂದೇ, ನಿರ್ದೇಶಕರ ವಿಸಿಟಿಂಗ್ ಕಾರ್ಡು. ಕೊಟ್ಟರು.

ತಜ್ಞೆ ಕಾರ್ಡನ್ನು ಗಾಜಿನ ತಟ್ಟೆಯ ಮೇಲಿಟ್ಟು ಒಂದು ಹನಿ ಬಿಟ್ಟಳು. ಹನಿ ಎಣ್ಣೆಯ ಹಾಗೆ ಕೂತಿತು. ಹಸಿರು ಎಲೆಯ ಮುದ್ರೆ ಮೊದಲು ಕಂದಾಯಿತು, ಆಮೇಲೆ ಕಪ್ಪಾಯಿತು, ಆಮೇಲೆ ಎಲೆಯಿದ್ದ ಜಾಗದಲ್ಲಿ ತೂತು ಬಿತ್ತು.

“ಪಂಚರು ನೋಡಿದ್ರಾ?” ಎಂದರು ಇನ್‌ಸ್ಪೆಕ್ಟರ್.

“ನೋಡಿದ್ವಿ.”

“ಸಲ್ಫ್ಯೂರಿಕ್,” ಎಂದಳು ತಜ್ಞೆ. “ನೀರೇ ಸೇರಿಸದ್ದು.”

ಕೈಗುಣ ಮೇಜಿನ ಅಂಚು ಹಿಡಿದು ಸ್ಟೂಲಿನ ಮೇಲೆ ಕೂತ.

ಹೇಳಿಕೆ ಪಕ್ಕದ ಕೋಣೆಯಲ್ಲಿ ದಾಖಲಾಯಿತು. ಅವನು ಸುತ್ತಿ ಬಳಸಿ ಮಾತಾಡಲಿಲ್ಲ.

“ದಿನಾ ಆಮ್ಲ ಹಾಕ್ತಿದ್ಯಾ?”

“ಹೂಂ.”

“ಆಮೇಲೆ?”

“ಸೋಡಾ ಹಾಕಿ ಆಮ್ಲದ ಸತ್ವ ತೆಗೆದು ಕ್ಯಾನಿಗೆ ಸುರೀತಿದ್ದೆ. ಬಿಳಿಯಾದ ಪುಡೀನೂ ಅದಕ್ಕೇ. ಜಾಡಿಗೆ ಹೊಸಾ ನೀಲಿ ಪುಡಿ ತುಂಬಿಡ್ತಿದ್ದೆ. ಅದೇ ಪುಡಿ ಹತ್ತು ಸಲ ಬಳಸಿದ್ವಿ ಅಂತ ಸಾರ್ ಹೇಳ್ತಿದ್ರು.”

“ಅತಿಥಿಗಳು ಬಂದಿದ್ದ ಮಂಗಳವಾರ ಸೋಡಾ ಯಾಕೆ ಹಾಕ್ಲಿಲ್ಲ?”

ಅವನು ಕೈ ನೋಡಿಕೊಂಡ. “ದೊಡ್ಡ ಪಾತ್ರೇಲಿ ಮಾಡಿ ತೋರಿಸು ಅಂದಿದ್ರು. ಅತಿಥಿಗಳಲ್ಲಿ ಒಬ್ಬರು ಉಳಿದ ನೀರು ಪರೀಕ್ಷೆ ಮಾಡ್ತೀನಿ ಅಂತ ಆಮ್ಲ ಪತ್ತೆ ಮಾಡೋ ಕಾಗದದ ಪಟ್ಟಿ ತೆಗೆದ್ರು. ತಂದ್ಕೊಡ್ತೀನಿ ಅಂತ ಹಿಂದೆ ಹೋಗಿ ಇದ್ದದ್ದೆಲ್ಲ ಕ್ಯಾನಿಗೆ ಸುರಿದು, ನಲ್ಲಿ ನೀರು ತಂದು ಕೊಟ್ಟೆ. ತಕ್ಷಣ ವಾಪಸ್ ಹೋಗಿ ಸೋಡಾ ಹಾಕೋಣ ಅಂದ್ಕೊಂಡೆ. ಅಷ್ಟರಲ್ಲಿ ಫೋಟೋಗೆ ನಿಲ್ಲಿಸಿದ್ರು. ಸಾರ್ ನನ್ನ ಹೆಗಲ ಮೇಲೆ ಕೈ ಹಾಕಿದ್ರು. ಕಿಟಕೀಲಿ ಮಾಲಿ ಕ್ಯಾನಿನ ಕಡೆ ಹೋಗೋದು ಕಾಣ್ತಿತ್ತು.”

“ಕಾಣ್ತಿತ್ತಾ?”

“ಕಾಣ್ತಿತ್ತು.”

“ಕೂಗ್ಬಹುದಿತ್ತು.”

“ಕೂಗ್ಬೇಕಾದ್ರೆ ಸಾರ್ ಕೈ ತೆಗೀಬೇಕಿತ್ತು ಮೇಡಂ. ಏನು ಅಂತ ಕೇಳ್ತಿದ್ರು.”

ಅಜ್ಜ ಬರೆಯುವುದನ್ನು ನಿಲ್ಲಿಸಿದ. ಒಬ್ಬ ಮನುಷ್ಯನ ಕಣ್ಣು ಒಂದು ಕಡೆ, ಹೆಗಲ ಮೇಲಿನ ಒಂದು ಕೈ ಇನ್ನೊಂದು ಕಡೆ. ಇವನು ತೂಗಿದ್ದ. ತಕ್ಕಡಿಯವರಲ್ಲವೇ.

“ಯಾಕಪ್ಪ ಶುರು ಮಾಡ್ದೆ ಇದನ್ನ?” ಎಂದರು ಇನ್‌ಸ್ಪೆಕ್ಟರ್. ದನಿಯಲ್ಲಿ ಕರುಣೆಯಿರಲಿಲ್ಲ, ತಿಳಿದುಕೊಳ್ಳುವ ಕೆಲಸವಿತ್ತು.

“ನಂಗೂ ಮೊದಲು ಐವತ್ತೆಂಟೇ ಬರ್ತಿತ್ತು.” ಸ್ವಲ್ಪ ತಡೆದು ಹೇಳಿದ: “ಆ ಹೆಸರು ಮೊದಲು ನಂದು ಮೇಡಂ. ನನ್ನ ಅಪ್ಪ ಅಮ್ಮ ಇಲ್ಲಿಗೆ ನೋಡೋಕೆ ಬಂದಿದ್ರು. ಅವರೆದುರಿಗೇ ಸಾರ್ ಹಾಗೆ ಕರೆದ್ರು. ನಮ್ಮಪ್ಪ ಅದು ಬಹುಮಾನದ ನಂಬರ್ ಅಂದ್ಕೊಂಡು ಖುಷಿಪಟ್ರು. ಅದಾದ ಮಾರನೇ ದಿನ ನಾಲ್ಕು ಹನಿ ಹಾಕ್ದೆ. ಒಂದೇ ಸಲ ಅಂತ. ಎಪ್ಪತ್ತು ಬಂತು. ಸಾರ್ ಕೂರಿಸಿ ಕಾಫಿ ಕೊಡಿಸಿದ್ರು.”

“ಆಮೇಲೆ ಆ ಹೆಸರು ಆ ಹುಡುಗಿಗೆ ಹೋಯ್ತು. ನೀನು ಸುಮ್ನಿದ್ದೆ.”

“ಸುಮ್ನಿದ್ದೆ.”

“ಮಾಲೀನ ಕಳ್ಳ ಅಂದಾಗ್ಲೂ.”

“ಹೂಂ.”

ಸಂಜೆ ನಾಲ್ಕು ನಲವತ್ತಕ್ಕೆ ಅವನನ್ನು ಬಂಧಿಸಲಾಯಿತು. ಹೊರಗೆ ಬರುವಾಗ ನಿರ್ದೇಶಕರು ಕಾರಿಡಾರಿನಲ್ಲಿದ್ದರು. ಅವರು ಗೋಡೆಯ ಕಡೆಗೆ ಸರಿದು ದಾರಿ ಬಿಟ್ಟರು, ಬಟ್ಟೆಗೆ ಏನಾದರೂ ತಾಗೀತೆಂಬ ಹಾಗೆ.

“ನನ್ನನ್ನೂ ವಂಚಿಸಿದಾನೆ,” ಎಂದರು ಇನ್‌ಸ್ಪೆಕ್ಟರಿಗೆ. “ಇಂಥವರನ್ನ ನಂಬಿ ಕೆಟ್ಟೆ. ಸಂಸ್ಕಾರ ಇಲ್ಲದ ಜನ.”

“ನಿಮ್ಮ ಹೇಳಿಕೇನೂ ಬೇಕು. ಸೋಮವಾರ ಠಾಣೆಗೆ ಬನ್ನಿ.”

“ನಾನು? ಠಾಣೆಗೆ?”

“ಬಾಗಿಲ ಪಕ್ಕ ಬೆಂಚಿದೆ. ಮಾಲಿಯ ಹೆಂಡತಿ ಕೂತ ಜಾಗ. ಖಾಲಿ ಇರತ್ತೆ.”

ಅಷ್ಟು ಹೊತ್ತೂ ಒಳಗೆ ಎರಡನೇ ಮೇಜಿನ ಒಲೆ ಉರಿಯುತ್ತಲೇ ಇತ್ತು. ಯಾರೂ ಅವಳಿಗೆ ನಿಲ್ಲಿಸು ಎಂದಿರಲಿಲ್ಲ. ಕಿರಿಯ ಸಂಶೋಧಕಿ ಸೋಸಿ, ಒಣಗಿಸಿ, ತಜ್ಞೆಯ ಎದುರಿಗೇ ತೂಗಿದಳು. ಸೋಸಿದ ಕಾಗದದ ಮೇಲೆ ಉಳಿದ ಪುಡಿ ತಿಳಿ ನೀಲಿಯಾಗಿಯೇ ಇತ್ತು. ಉಳಿದ ನೀರಿನಲ್ಲಿ ಅಜ್ಜನ ಬೀಗದ ಕೈ ಅದ್ದಿದರು. ಅದು ಕಬ್ಬಿಣವಾಗಿಯೇ ಹೊರಬಂತು.

“ಎಷ್ಟು?” ಎಂದರು ಇನ್‌ಸ್ಪೆಕ್ಟರ್.

“ಐವತ್ತೆಂಟು,” ಎಂದಳು, ತಪ್ಪು ಒಪ್ಪಿಕೊಳ್ಳುವವಳ ಹಾಗೆ.

“ಆಮ್ಲವೇ ಇಲ್ಲದೆ ಅರ್ಧಕ್ಕಿಂತ ಹೆಚ್ಚು!” ಎಂದಳು ತಜ್ಞೆ. “ಅದೇ ಪುಡಿ ನಿಜಕ್ಕೂ ಮತ್ತೆ ಬಳಸಬಹುದು. ಇದೇನು ಸಣ್ಣ ಮಾತಲ್ಲಮ್ಮ. ಇದನ್ನೇ ಹೇಳಿದ್ರೆ ಸಾಕಿತ್ತು.”

ಹುಡುಗಿ ಮೊದಲ ಸಲ ತಲೆ ಎತ್ತಿದಳು. ಅಜ್ಜ ಪಂಚನಾಮೆಯಲ್ಲಿ ಆ ಅಂಕಿಯನ್ನು ಬರೆದು, ಅಕ್ಷರದಲ್ಲೂ ಬರೆದು, ಅವಳ ಪೂರ್ತಿ ಹೆಸರು ಕೇಳಿ ಬರೆದುಕೊಂಡ.

ದೂರು ಹಿಂದೆ ಪಡೆಯುವುದಾಗಿ ಸಂಸ್ಥೆ ಇನ್ನೊಂದು ಕಾಗದ ಕಳಿಸಿತು. ಮಾಲಿಯ ಇನ್ನೊಂದು ಕಣ್ಣಿನ ಆಪರೇಷನ್ ಸಂಸ್ಥೆಯ ಖರ್ಚಿನಲ್ಲೇ ಆಯಿತು. ಬೆಳಕು ಕಾಣುತ್ತದೆ, ಹೆಂಡತಿಯ ಮುಖ ಹತ್ತಿರ ಬಂದರೆ ಕಾಣುತ್ತದೆ. ಗಿಡ ಒಣಗಿದ್ದು ತನ್ನ ಕೈಯಿಂದಲ್ಲ ಎಂದು ಇನ್‌ಸ್ಪೆಕ್ಟರೇ ಹೋಗಿ ಹೇಳಿದಾಗ ಅವನು, “ಗೊತ್ತಿತ್ತಮ್ಮ,” ಎಂದ. ಆಮೇಲೆ, “ಗೊತ್ತಿದ್ರೂ ನಂಬಿಕೆ ಬಂದಿರ್ಲಿಲ್ಲ,” ಎಂದ.

ಇಷ್ಟನ್ನು ಬರೆದ ಮೇಲೂ ಒಂದು ಉಳಿಯುತ್ತದೆ. ಆರೋಪಿ ಎಲ್ಲವನ್ನೂ ಒಪ್ಪಿಕೊಂಡ, ಒಂದನ್ನು ಬಿಟ್ಟು. ಶೆಡ್ಡಿನ ಆಸಿಡ್ ಬಾಟಲಿಯನ್ನು ತಾನು ಇಡಲಿಲ್ಲ, ಮಾಲಿಯ ಮೇಲೆ ದೂರು ಹೋಗಿದೆ ಎಂದು ತನಗೆ ತಿಳಿದದ್ದೇ ಬಾಟಲಿ ಸಿಕ್ಕ ಮಾರನೆಯ ದಿನ ಎಂದ. ಕಣ್ಣಿನ ವಿಷಯವನ್ನೇ ಮುಚ್ಚಿಡದವನು ಬಾಟಲಿಯ ವಿಷಯ ಮುಚ್ಚಿಡಬೇಕಾದ ಕಾರಣ ಇನ್‌ಸ್ಪೆಕ್ಟರಿಗೆ ಕಾಣಲಿಲ್ಲ. ಬಾಟಲಿಯ ಮೇಲೆ ಬೆರಳಚ್ಚು ಸಿಗಲಿಲ್ಲ. ಯಾರೋ ಚೆನ್ನಾಗಿ ಒರೆಸಿದ್ದರು. ಆಡಳಿತಾಧಿಕಾರಿ ತನಗೆ ಗೊತ್ತಿಲ್ಲ ಎಂದ. ನಿರ್ದೇಶಕರು ಸೋಮವಾರ ವಕೀಲರ ಜೊತೆ ಬಂದು, ಬೆಂಚಿನ ಮೇಲೆ ಕೂರದೆ ನಿಂತೇ, ತಮಗೆ ಗೊತ್ತಿಲ್ಲ ಎಂದರು.

ಅದನ್ನು ಅಲ್ಲಿಟ್ಟವರು ಯಾರು ಎಂಬುದು ನನಗೂ ಗೊತ್ತಿಲ್ಲ.